ಕಬ್ಬಿಣದ ಶಿಲುಬೆಯ ಕುಲಗೋತ್ರ

ವಾರ್ಷಿಕ ಸಂಚಿಕೆಗೆ ಲೇಖನ ಕೊಡಿರೆಂದು ಸಂಪಾದಕ ಮಿತ್ರರು ಬೆನ್ನು ಹತ್ತಿದಾಗ ನಮ್ಮಲ್ಲಿ ಬಹುಮಂದಿ ಶಿಸ್ತಿನ ಮೇಲೆಯೋ ಸಮಯಪಾಲನೆಯ ಮೇಲೆಯೋ ಎರಡು ಪುಟ ಬರೆದು ಕೈ ತೊಳೆದುಕೊಳ್ಳುವುದುಂಟು. ಕಳೆದ ವರ್ಷ ನಾನೂ ಹಾಗೆಯೇ ಮಾಡಿದೆನೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಈ ವರ್ಷ ನಾನೆತ್ತಿಕೊಂಡಿರುವ ವಿಷಯ ತುಸು ವಿಚಿತ್ರವಾದುದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಸೈನಿಕರಿಗೆ ಕೊಡಲಾದ ಪದಕಗಳನ್ನು ಮಾಡಿದವರು ಯಾರು, ಅದನ್ನು ಇಂದು ಕಂಡುಹಿಡಿಯುವುದು ಹೇಗೆ, ಹಾಗೆ ಕಂಡುಹಿಡಿಯುವುದರಿಂದ ಯಾರಿಗೆ ಏನು ಲಾಭ ಎಂಬುದೇ ಆ ವಿಷಯ. ನಮ್ಮೂರಿನ ಸರ್ಕಾರಿ ಕಲಾ ಕಾಲೇಜಿಗೂ ಇದಕ್ಕೂ ಏನು ಸಂಬಂಧವೆಂದು ಹುಬ್ಬೇರಿಸುವ ವಾಚಕರು ಸ್ವಲ್ಪ ತಾಳ್ಮೆ ವಹಿಸಬೇಕಾಗಿ ಪ್ರಾರ್ಥನೆ.

ಸಂಬಂಧವನ್ನು ತಂದವನು ನನ್ನ ಸಹಪಾಠಿ. ಅವನ ಮುತ್ತಜ್ಜ ಬೆಂಗಳೂರಿನಲ್ಲಿ ಮದ್ರಾಸ್ ಸ್ಯಾಪರ್ಸ್ ಪಡೆಗೆ ಸೇರಿ, ಕಳೆದ ಮಹಾಯುದ್ಧದಲ್ಲಿ ಇಟಲಿಗೆ ಹೋಗಿ, ಅಲ್ಲಿ ಸೇತುವೆ ಕಟ್ಟಿ, ನೆಲಬಾಂಬು ಕಿತ್ತು, ಜೀವಸಹಿತ ಹಿಂದಿರುಗಿದವರು. ಅವರ ತಗಡಿನ ಪೆಟ್ಟಿಗೆಯಲ್ಲಿ ಕಪ್ಪು ಬಣ್ಣದ, ಬೆಳ್ಳಿಯಂಚಿನ ಒಂದು ಶಿಲುಬೆಯಿತ್ತು. ಸತ್ತ ಜರ್ಮನ್ ಅಧಿಕಾರಿಯ ಎದೆಯಿಂದ ಮುತ್ತಜ್ಜ ಅದನ್ನು ಕಿತ್ತು ತಂದರೆಂಬುದು ಆ ಮನೆಯಲ್ಲಿ ಮೂರು ತಲೆಮಾರಿನಿಂದ ನಡೆದು ಬಂದ ಮಾತು. ಮನೆಯಲ್ಲಿ ಹಣದ ಅಡಚಣೆ ಬಂದಾಗ ಅದನ್ನು ಮಾರುವ ಯೋಚನೆ ಹುಟ್ಟಿತು. ಹಳೆಯ ವಸ್ತುಗಳ ವ್ಯಾಪಾರಿಯೊಬ್ಬರು ದೂರವಾಣಿಯಲ್ಲಿ ಕೇಳಿದ ಮೊದಲ ಪ್ರಶ್ನೆ ಸೈನಿಕನದಾಗಲಿ ಯುದ್ಧದ್ದಾಗಲಿ ಆಗಿರಲಿಲ್ಲ. ‘ಮೇಕರ್ ಯಾರು? ರಿಂಗ್ ಮೇಲೆ ನಂಬರ್ ಇದೆಯೇ?’ ಎಂಬುದೇ ಆ ಪ್ರಶ್ನೆ. ಮಿತ್ರನು ಪೆಟ್ಟಿಗೆ ಸಮೇತ ನನ್ನ ಕೋಣೆಗೆ ಬಂದು, ‘ನೀನು ಹಿಸ್ಟರಿ ಮೇಜರ್ ಅಲ್ಲವೇನಯ್ಯಾ, ಹೇಳು’ ಎಂದನು. ಮೂರು ತಿಂಗಳು ನಾನು ಬೇರೆ ಪುಸ್ತಕ ಮುಟ್ಟಲಿಲ್ಲ. ಪರೀಕ್ಷೆಯ ಫಲಿತಾಂಶದಲ್ಲಿ ಅದರ ಗುರುತು ಇದೆ.

ಈ ಶಿಲುಬೆಯ ಕಥೆ ಹಿಟ್ಲರನಿಗಿಂತ ಬಹಳ ಹಳೆಯದು. ನೆಪೋಲಿಯನ್ನನ ವಿರುದ್ಧ ಯುದ್ಧ ಹೂಡಿದಾಗ, 1813ರ ಮಾರ್ಚ್‌ನಲ್ಲಿ ಪ್ರಷ್ಯದ ದೊರೆ ಮೂರನೆಯ ಫ್ರೆಡರಿಕ್ ವಿಲಿಯಂ ಬ್ರೆಸ್ಲೌ ನಗರದಲ್ಲಿ ಇದನ್ನು ಸ್ಥಾಪಿಸಿದನು. ಅಂತಿಮ ವಿನ್ಯಾಸ ಪ್ರಸಿದ್ಧ ವಾಸ್ತುಶಿಲ್ಪಿ ಷಿಂಕೆಲ್‌ನದು. ಬೊಕ್ಕಸ ಬರಿದಾಗಿ, ಪ್ರಜೆಗಳು ಚಿನ್ನದ ಒಡವೆ ಕೊಟ್ಟು ಕಬ್ಬಿಣದ ಉಂಗುರ ತೊಟ್ಟ ಕಾಲವದು. ಗೌರವದ ಪದಕವೂ ಕಬ್ಬಿಣದ್ದೇ ಆಯಿತು. ಮತ್ತೊಂದು ವಿಶೇಷವೆಂದರೆ ಈ ಪದಕದ ವರ್ಗಗಳಲ್ಲಿ ಸಿಪಾಯಿ ಅಧಿಕಾರಿಗಳೆಂಬ ಭೇದವಿರಲಿಲ್ಲ. 1870ರಲ್ಲಿ ಮತ್ತು 1914ರಲ್ಲಿ ಇದನ್ನು ಪುನಃ ಚಲಾವಣೆಗೆ ತರಲಾಯಿತು. 1939ರ ಸೆಪ್ಟೆಂಬರ್ 1ರಂದು, ಪೋಲೆಂಡಿನ ಮೇಲೆ ದಾಳಿಯಿಟ್ಟ ದಿನವೇ, ಹಿಟ್ಲರನು ಅದಕ್ಕೆ ನಾಲ್ಕನೆಯ ಜನ್ಮ ಕೊಟ್ಟು ನಡುವೆ ತನ್ನ ಪಕ್ಷದ ಚಿಹ್ನೆಯನ್ನು ಕೂಡಿಸಿದನು. ಎರಡನೆಯ ದರ್ಜೆಯ ಶಿಲುಬೆಗಳೇ ಆ ಯುದ್ಧದಲ್ಲಿ ಇಪ್ಪತ್ತು ಲಕ್ಷವನ್ನು ಮೀರಿದವು. ಕೊರಳಿಗೆ ಕಟ್ಟುವ ನೈಟ್ಸ್ ಕ್ರಾಸ್ ಮಾತ್ರ ಏಳು ಸಾವಿರ ಚಿಲ್ಲರೆ ಮಂದಿಗೆ ದೊರಕಿತು.

ಇಷ್ಟು ಲಕ್ಷ ಪದಕಗಳನ್ನು ಒಂದೇ ಟಂಕಸಾಲೆ ಮಾಡಲಿಲ್ಲವೆಂಬುದೇ ನಮ್ಮ ಸಮಸ್ಯೆಯ ಬೇರು. ಬರ್ಲಿನ್ನಿನ ಯುಂಕರ್, ಮ್ಯೂನಿಕ್ಕಿನ ಡೆಷ್ಲರ್, ಲ್ಯೂಡೆನ್‌ಷೈಡಿನ ಡಾಯ್ಮರ್ ಮತ್ತು ಷ್ಟೈನ್‌ಹೌವರ್-ಲ್ಯೂಕ್, ಫೋರ್ಟ್ಸ್‌ಹೈಮಿನ ತ್ಸಿಮ್ಮರ್‌ಮನ್, ವಿಯೆನ್ನಾದ ಸೌವಾಲ್ ಮುಂತಾದ ಹತ್ತಾರು ಖಾಸಗಿ ಸಂಸ್ಥೆಗಳು ಇವನ್ನು ತಯಾರಿಸಿದವು. ಲ್ಯೂಡೆನ್‌ಷೈಡ್ ಎಂಬುದು ಗುಂಡಿಗಳಿಗೆ ಹೆಸರಾದ ಊರು, ಫೋರ್ಟ್ಸ್‌ಹೈಮ್ ಒಡವೆಗಳಿಗೆ ಹೆಸರಾದ ಊರು. ಅಂಗಿಯ ಗುಂಡಿಯನ್ನೂ ಮದುವೆಯ ಉಂಗುರವನ್ನೂ ಮಾಡುತ್ತಿದ್ದ ಕೈಗಳೇ ಅಚ್ಚು ಬದಲಿಸಿಕೊಂಡು ಪದಕ ಒತ್ತಿದವು.

ತಯಾರಕರಿಗೆ ಎರಡು ಬಗೆಯ ಅಂಕಿಗಳಿದ್ದವು. ಸರ್ಕಾರವೇ ಕೊಂಡು ಸೈನಿಕನಿಗೆ ಪ್ರದಾನ ಮಾಡುವ ಪದಕಗಳಿಗೆ ರಾಷ್ಟ್ರಾಧ್ಯಕ್ಷರ ಕಚೇರಿ ಕೊಟ್ಟ ಅಂಕಿ ಒಂದು. ಅಂಗಡಿಯಲ್ಲಿ ಮಾರುವ ಪದಕಗಳಿಗೆ ತಯಾರಕರ ಸಂಘದ ಅಂಕಿ ಇನ್ನೊಂದು. ಇದರ ಮುಂದೆ ‘ಎಲ್’ ಎಂಬ ಅಕ್ಷರವೂ ಓರೆಗೆರೆಯೂ ಇರುತ್ತವೆ. ಪದಕವನ್ನು ಅಂಗಡಿಯಲ್ಲಿ ಮಾರುವುದೇ ಎಂದು ನಾನೂ ಬೆರಗಾದೆ. ನೈಜವಾಗಿ ಪದಕ ಪಡೆದವನು ಕಳೆದುಹೋದುದಕ್ಕೆ ಬದಲಿಯಾಗಿಯೋ, ಒಂದನ್ನು ಮನೆಯಲ್ಲಿಟ್ಟು ಇನ್ನೊಂದನ್ನು ಧರಿಸಲೆಂದೋ ಪ್ರಮಾಣಪತ್ರ ತೋರಿಸಿ ಕೊಳ್ಳಬಹುದಿತ್ತಂತೆ. ಹೀಗೆ ಒಂದೇ ಸಂಸ್ಥೆಗೆ ಎರಡು ಅಂಕಿ. ಯುಂಕರ್ ಸಂಸ್ಥೆಯ ಸರ್ಕಾರೀ ಅಂಕಿ 2, ಅಂಗಡಿಯ ಅಂಕಿ ಎಲ್/12. ಷ್ಟೈನ್‌ಹೌವರ್-ಲ್ಯೂಕ್‌ಗೆ 4 ಮತ್ತು ಎಲ್/16. ತ್ಸಿಮ್ಮರ್‌ಮನ್‌ಗೆ 20 ಮತ್ತು ಎಲ್/52. ‘ಎಲ್’ ಇಲ್ಲದ ಬರಿಯ 12ನ್ನು ಕಂಡು ಯುಂಕರ್ ಎಂದುಕೊಂಡವನು ಬರ್ಲಿನ್ನಿಗೆ ಹೋಗಬೇಕಾದವನು ಷ್ಟುಟ್‌ಗಾರ್ಟಿನಲ್ಲಿ ಇಳಿದಂತೆ. ಅದು ಅಲ್ಲಿಯ ಬೇರೆಯ ಸಂಸ್ಥೆಯದು. ಇನ್ನು 800 ಎಂಬ ಅಂಕಿಯನ್ನು ಕಂಡು ಎಂಟುನೂರನೆಯ ಕಾರ್ಖಾನೆಯನ್ನು ಹುಡುಕಿದವರೂ ಇದ್ದಾರೆ (ಆ ಪೈಕಿ ಈ ಲೇಖಕನೂ ಒಬ್ಬ). ಸಾವಿರಕ್ಕೆ ಎಂಟುನೂರು ಪಾಲು ಬೆಳ್ಳಿಯೆಂಬುದಷ್ಟೇ ಅದರ ಅರ್ಥ. ನಮ್ಮ ಚಿನ್ನದಂಗಡಿಯ 916 ಇದ್ದಂತೆ.

ಈ ಅಂಕಿಗಳಿಂದ ತಯಾರಕನ ಹೆಸರಲ್ಲದೆ ಮತ್ತೂ ಕೆಲವು ಸಂಗತಿ ತಿಳಿಯುತ್ತವೆ. ತಯಾರಕರ ಸಂಘದ ‘ಎಲ್’ ಅಂಕಿಗಳು ಬಳಕೆಗೆ ಬಂದುದು 1941ರಲ್ಲಿ. ಆದ್ದರಿಂದ 1940ರ ಮೇ ತಿಂಗಳಲ್ಲಿ ಫ್ರಾನ್ಸಿನ ರಣರಂಗದಲ್ಲಿ ಎದೆಗೆ ಚುಚ್ಚಿದ ಪದಕವೇ ಇದೆಂದು ಯಾರಾದರೂ ‘ಎಲ್’ ಗುರುತಿನ ಶಿಲುಬೆಯನ್ನು ತೋರಿಸಿದರೆ, ಪದಕ ಸಾಚಾ ಇದ್ದರೂ ಕಥೆ ಸಾಚಾ ಅಲ್ಲ. ಲೋಹವೂ ಕಾಲವನ್ನು ಹೇಳುತ್ತದೆ. ಯುದ್ಧದ ಮೊದಲ ವರ್ಷಗಳ ಬಿಲ್ಲೆಗಳಲ್ಲಿ ತೊಂಬಾಕ್ ಎಂಬ, ತಾಮ್ರ ಹೆಚ್ಚಿರುವ ಹಿತ್ತಾಳೆಯ ಬಳಕೆಯಿತ್ತು. ತಾಮ್ರ ದುರ್ಲಭವಾದಂತೆ ಸತು ಬಂದಿತು. ಸತುವಿನ ಮೇಲಿನ ಗಿಲೀಟು ನಿಲ್ಲುವುದಿಲ್ಲ. ಒಳಗಿನ ಬೂದು ಬಣ್ಣ ಮೇಲಕ್ಕೆ ಬರುತ್ತದೆ. ಒಂದು ಸಾಮ್ರಾಜ್ಯ ಬಡವಾಗುತ್ತಿದ್ದುದನ್ನು ಬಿಲ್ಲೆಗಳ ಸಾಲನ್ನು ನೋಡಿಯೇ ಹೇಳಬಹುದು. ಪಠ್ಯಪುಸ್ತಕದ ಹತ್ತು ಪುಟಗಳಿಗಿಂತ ಇದು ನನ್ನ ಮನಸ್ಸಿಗೆ ಹೆಚ್ಚು ನಾಟಿತು.

ಅಂಕಿಯನ್ನು ಓದಿ ಪಟ್ಟಿಯಲ್ಲಿ ಹೆಸರು ಹುಡುಕಿದರೆ ಕೆಲಸ ಮುಗಿಯಿತಲ್ಲವೇ ಎಂದು ಕೇಳಬಹುದು. ಮುಗಿಯುವುದಿಲ್ಲ. ಅನೇಕ ನೈಜ ಶಿಲುಬೆಗಳ ಮೇಲೆ ಯಾವ ಅಂಕಿಯೂ ಇಲ್ಲ. ಅಂಕಿಯಿರುವ ಅನೇಕ ಶಿಲುಬೆಗಳು ನೈಜವಲ್ಲ. ಅಂಕಿ ಒತ್ತಲು ಒಂದು ಉಳಿ, ಒಂದು ಸುತ್ತಿಗೆ ಸಾಕು. ಗುರುತೆಂಬುದು ಸಾಕ್ಷಿ ಹೇಳುವವನ ಮಾತಿದ್ದಂತೆ. ಪಾಟೀ ಸವಾಲಿಗೆ ನಿಲ್ಲಿಸದೆ ಅದನ್ನು ಒಪ್ಪುವ ನ್ಯಾಯಾಧೀಶರಿಲ್ಲ.

ಹಾಗಾದರೆ ಪಾಟೀ ಸವಾಲು ಹೇಗೆ? ಅಚ್ಚಿನಿಂದ. ಕಬ್ಬಿಣದ ಶಿಲುಬೆಯಲ್ಲಿ ಸಾಮಾನ್ಯವಾಗಿ ಮೂರು ಭಾಗ: ಕಪ್ಪು ಬಣ್ಣ ಬಳಿದ ಕಬ್ಬಿಣದ ತಿರುಳು, ಅದನ್ನು ಮುಂದಿನಿಂದಲೂ ಹಿಂದಿನಿಂದಲೂ ಹಿಡಿದ ಎರಡು ಬೆಳ್ಳಿಯ ಅಂಚುಗಳು, ಸುತ್ತಲೂ ಬೆಸುಗೆ. (ಅಯಸ್ಕಾಂತ ಹಿಡಿದು ನೋಡಿದರಾಯಿತೆಂಬ ಉಪಾಯ ಪೂರ್ತಿ ನಂಬತಕ್ಕದ್ದಲ್ಲ, ಹಿತ್ತಾಳೆಯ ತಿರುಳಿನ ನೈಜ ಶಿಲುಬೆಗಳೂ ಇವೆ.) ಉಕ್ಕಿನ ಅಚ್ಚಿನಲ್ಲಿ ಸಾವಿರಾರು ಸಲ ಒತ್ತಿದಾಗ ಅಚ್ಚು ಸವೆಯುತ್ತದೆ, ಎಲ್ಲೋ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಆ ಬಿರುಕು ಮುಂದಿನ ಪ್ರತಿಯೊಂದು ಪದಕದ ಮೇಲೂ ಸಣ್ಣ ಉಬ್ಬುಗೆರೆಯಾಗಿ ಮೂಡುತ್ತದೆ, ದಿನ ಕಳೆದಂತೆ ಬೆಳೆಯುತ್ತದೆ. ಅಂಕಿಯಿಲ್ಲದ ಶಿಲುಬೆಯ ಉಬ್ಬುಗೆರೆಯೂ, ಅಂಕಿಯಿರುವ, ಸಂಶಯಾತೀತವಾದ ಶಿಲುಬೆಯ ಉಬ್ಬುಗೆರೆಯೂ ಒಂದಾದರೆ ಎರಡೂ ಒಂದೇ ಅಚ್ಚಿನ ಮಕ್ಕಳು. ಗೆರೆ ಚಿಕ್ಕದಾಗಿರುವುದು ಅಣ್ಣ, ದೊಡ್ಡದಾಗಿರುವುದು ತಮ್ಮ. ಪ್ರಾಚೀನ ನಾಣ್ಯಗಳ ಕಾಲಾನುಕ್ರಮವನ್ನು ನಾಣ್ಯಶಾಸ್ತ್ರಜ್ಞರು ನಿರ್ಣಯಿಸುವುದೂ ಇದೇ ಮಾರ್ಗದಿಂದ. 1939 ಎಂಬ ಅಂಕಿಗಳ ಓರೆ, 3ರ ಮೂತಿ, 9ರ ಬಾಲ, ಪಿನ್ನಿನ ಕೀಲು, ಕೊಕ್ಕೆಯ ಬಾಗು ಇವೆಲ್ಲವೂ ಒಬ್ಬೊಬ್ಬ ತಯಾರಕನ ಕೈಬರಹವಿದ್ದಂತೆ.

ಇಲ್ಲಿಯೂ ತೊಡಕು ಇಲ್ಲದಿಲ್ಲ. ಒಂದು ಸಂಸ್ಥೆ ಒತ್ತಿದ ಅಂಚನ್ನು ಮತ್ತೊಂದು ಸಂಸ್ಥೆ ಕೊಂಡು ಜೋಡಿಸಿದ ಉದಾಹರಣೆಗಳಿವೆ. ಯುದ್ಧ ಮುಗಿದರೂ ಅಚ್ಚುಗಳೆಲ್ಲ ನಾಶವಾಗಲಿಲ್ಲ. ವಿಯೆನ್ನಾದ ಸೌವಾಲ್ ಸಂಸ್ಥೆ ಯುದ್ಧಾನಂತರವೂ ಪದಕಗಳನ್ನು ಒತ್ತಿ ಮಾರಿತು. ತಯಾರಕ ಅದೇ, ಕಾಲ ಮಾತ್ರ ಬೇರೆ! ಇದನ್ನು ನೈಜವೆನ್ನಬೇಕೇ, ನಕಲಿಯೆನ್ನಬೇಕೇ? ನಕಲಿಯೆಂದೇ ನನ್ನ ಅಭಿಪ್ರಾಯ. ಪದಕ ನೈಜವಾಗುವುದು ಅಚ್ಚಿನಿಂದಲ್ಲ, ಅದನ್ನು ಕೊಡುವ ಅಧಿಕಾರ ಮತ್ತು ಪಡೆಯುವ ಮನುಷ್ಯ ಇಬ್ಬರೂ ಇದ್ದಾಗ.

ಸೌವಾಲ್ ಹೆಸರು ಬಂದುದರಿಂದ ನಮ್ಮ ದೇಶದ ಮಾತೊಂದನ್ನು ಇಲ್ಲಿ ಹೇಳಬೇಕು. 1941ರಲ್ಲಿ ಜರ್ಮನಿಯನ್ನು ತಲುಪಿದ ಸುಭಾಷ್‌ಚಂದ್ರ ಬೋಸರು, ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ ಭಾರತೀಯ ಸೈನಿಕರಿಂದ ಕಟ್ಟಿದ ಪಡೆಗಾಗಿ 1942ರಲ್ಲಿ ಆಜಾದ್ ಹಿಂದ್ ಪದಕಗಳನ್ನು ಸ್ಥಾಪಿಸಿದರು. ಶೇರ್-ಎ-ಹಿಂದ್, ಸರ್ದಾರ್-ಎ-ಜಂಗ್, ವೀರ್-ಎ-ಹಿಂದ್, ಶಹೀದ್-ಎ-ಭಾರತ್ ಎಂಬ ಆ ಪದಕಗಳನ್ನು ತಯಾರಿಸಿದುದು ವಿಯೆನ್ನಾದ ಇದೇ ಸೌವಾಲ್. ಅವುಗಳಿಗೂ ಯುದ್ಧಾನಂತರದ ಮರುಮುದ್ರಣಗಳಿವೆ. ನೇತಾಜಿಯವರ ಹೆಸರು ಹೇಳಿದೊಡನೆ ನಮ್ಮವರ ಕಣ್ಣಲ್ಲಿ ನೀರಾಡುವುದನ್ನು ಬಲ್ಲ ವ್ಯಾಪಾರಿಗೆ ಅವುಗಳ ಬೆಲೆ ಏರಿಸುವುದು ಕಷ್ಟವಲ್ಲ. ಜರ್ಮನ್ ಶಿಲುಬೆಯ ತಯಾರಕನ ವಿಚಾರ ನಮಗೇಕೆಂದು ಕೇಳುವವರಿಗೆ ನನ್ನ ಮೊದಲ ಉತ್ತರ ಇದೇ. ಭಾರತದ ಸ್ವಾತಂತ್ರ್ಯ ಸಂಗ್ರಾಮದ ಒಂದು ಪುರಾವೆಯನ್ನು ಪರೀಕ್ಷಿಸಲು ವಿಯೆನ್ನಾದ ಒಂದು ಕಾರ್ಖಾನೆಯ ಚರಿತ್ರೆ ಗೊತ್ತಿರಬೇಕಾಗಿದೆ.

ನಮ್ಮ ಪೂಜ್ಯ ಅಧ್ಯಾಪಕರೊಬ್ಬರು ಈ ನನ್ನ ಹವ್ಯಾಸವನ್ನು ಕೇಳಿ ಬೇಸರಪಟ್ಟರು. ಲಕ್ಷಾಂತರ ನಿರಪರಾಧಿಗಳನ್ನು ಕೊಂದ ಆಳ್ವಿಕೆಯ ಬಿಲ್ಲೆಗಳನ್ನು ಭೂತಗನ್ನಡಿ ಹಿಡಿದು ಮೋಹಿಸುವುದು ಒಂದು ಬಗೆಯ ಆರಾಧನೆಯೇ ಎಂಬುದು ಅವರ ಆಕ್ಷೇಪ. ಅವರ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಜರ್ಮನಿಯಲ್ಲಿಯೇ ಆ ಚಿಹ್ನೆಯ ಸಾರ್ವಜನಿಕ ಪ್ರದರ್ಶನ ದಂಡನೀಯ ಅಪರಾಧ. ಅಲ್ಲಿಯ ಹರಾಜು ಪಟ್ಟಿಗಳು ಅದನ್ನು ಮುಚ್ಚಿ ಚಿತ್ರ ಮುದ್ರಿಸುತ್ತವೆ. ನಮ್ಮ ಹೊಸ್ತಿಲಿನ ರಂಗೋಲಿಯ ಸ್ವಸ್ತಿಕಕ್ಕೂ ಅದಕ್ಕೂ ಅರ್ಥದಲ್ಲಿ ಸಂಬಂಧವಿಲ್ಲವೆಂಬ ಸಮಾಧಾನ ನಮಗಿರಬಹುದು. ಆದರೆ ಅದರಿಂದಾಗಿ ನಮ್ಮ ಹುಡುಗರು ಆ ಚಿಹ್ನೆಯನ್ನು ಮೋಜಿನ ವಸ್ತುವಾಗಿ ಅಂಗಿಗೆ ಚುಚ್ಚಿಕೊಳ್ಳುವುದು ಸಹ್ಯವಾಗುವುದಿಲ್ಲ.

ಆದರೂ ತಯಾರಕನನ್ನು ಗುರುತಿಸುವ ವಿದ್ಯೆಯೇ ತಪ್ಪೆಂದು ನಾನು ಒಪ್ಪುವುದಿಲ್ಲ. ಆ ವಿದ್ಯೆಯನ್ನು ಅರ್ಧಕ್ಕೇ ನಿಲ್ಲಿಸಿರುವುದೇ ತಪ್ಪು. ಸಂಗ್ರಾಹಕರು ಅಂಕಿಯಿಂದ ಸಂಸ್ಥೆಯವರೆಗೆ ನಡೆದು ಅಲ್ಲಿ ಕುಳಿತುಬಿಡುತ್ತಾರೆ, ಏಕೆಂದರೆ ಬೆಲೆ ಅಲ್ಲಿ ಗೊತ್ತಾಗುತ್ತದೆ. ಅಪರೂಪದ ತಯಾರಕನಾದರೆ ಹಣ ಹೆಚ್ಚು, ಸಾಮಾನ್ಯನಾದರೆ ಕಡಿಮೆ. ಇನ್ನೂ ಎರಡು ಹೆಜ್ಜೆ ಮುಂದಿಟ್ಟಿದ್ದರೆ ಫೋರ್ಟ್ಸ್‌ಹೈಮಿನ ಬೀದಿ ಸಿಕ್ಕುತ್ತಿತ್ತು. 1945ರ ಫೆಬ್ರವರಿ 23ರ ರಾತ್ರಿ ಬ್ರಿಟಿಷ್ ವಿಮಾನಗಳು ಆ ಒಡವೆಯ ಊರಿನ ಮೇಲೆ ಬೆಂಕಿ ಸುರಿಸಿದವು. ಅರ್ಧ ಗಂಟೆಯೂ ಹಿಡಿಯದ ಆ ದಾಳಿಯಲ್ಲಿ 17,000ಕ್ಕೂ ಹೆಚ್ಚು ಜನ ಸತ್ತರು. ಗಾಬ್ಲೋನ್ಸ್ ಎಂಬ, ಗಾಜಿನ ಮಣಿಗೂ ಪದಕಕ್ಕೂ ಹೆಸರಾದ ಇನ್ನೊಂದು ಊರು ಇಂದು ಯಾಬ್ಲೊನೆಟ್ಸ್ ಎಂಬ ಹೆಸರಿನಿಂದ ಚೆಕ್ ದೇಶದಲ್ಲಿದೆ. ಅಲ್ಲಿಯ ಜರ್ಮನ್ ಭಾಷಿಕರನ್ನು ಯುದ್ಧದ ತರುವಾಯ ಹೊರಗಟ್ಟಲಾಯಿತು. ಅವರಲ್ಲಿ ಹಲವರು ಬವೇರಿಯಾದ ಕೌಫ್‌ಬಾಯ್‌ರೆನ್ ಬಳಿ ‘ಹೊಸ ಗಾಬ್ಲೋನ್ಸ್’ ಕಟ್ಟಿಕೊಂಡು ಅದೇ ಕಸುಬು ಹಿಡಿದರು. ಇನ್ನು, 1944ರ ಬೇಸಿಗೆಯ ಹೊತ್ತಿಗೆ ಜರ್ಮನಿಯ ಹೊಲ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಪರದೇಶೀಯರು 75 ಲಕ್ಷಕ್ಕೂ ಹೆಚ್ಚು. ಬಹುಪಾಲು ಬಲಾತ್ಕಾರವಾಗಿ ತಂದವರು, ಯುದ್ಧಕೈದಿಗಳೂ ಸೇರಿ. ಶಿಲುಬೆಯ ಬಳೆಯ ಮೇಲಿನ ಅಂಕಿ ಮಾಲೀಕನ ಹೆಸರು ಹೇಳುತ್ತದೆ. ಒತ್ತುಯಂತ್ರದ ಮುಂದೆ ನಿಂತಿದ್ದವರು ಯಾರೆಂದು ಆ ಅಂಕಿಯನ್ನು ಕೇಳಿದವರು ಸಂಗ್ರಾಹಕರಲ್ಲಿ ಎಷ್ಟು ಮಂದಿ? ‘ತಯಾರಕ’ ಎಂಬ ಶಬ್ದವನ್ನು ನಾವು ಎಷ್ಟು ಸಣ್ಣ ಅರ್ಥದಲ್ಲಿ ಬಳಸುತ್ತಿದ್ದೇವೆಂಬುದೇ ನನ್ನ ದೂರು.

ಮತ್ತೊಂದು ದೂರೂ ಇದೆ, ಅದು ನನ್ನ ಮೇಲೆಯೇ. ಮಿತ್ರನ ಶಿಲುಬೆಯನ್ನು ನಾನು ನಾಲ್ಕು ದಿನ ಪರೀಕ್ಷಿಸಿದೆ. ಬಳೆಯ ಮೇಲೆ ಅಂಕಿಯಿರಲಿಲ್ಲ. ಅಯಸ್ಕಾಂತ ಅಂಟಿತು. ಮೂರು ಭಾಗ, ಸುತ್ತ ಬೆಸುಗೆ, ಎಲ್ಲವೂ ಸರಿ. ಹಿಂಬದಿಯಲ್ಲಿ 1813, ಮುಂಬದಿಯಲ್ಲಿ 1939. ಅಂಚಿನ ಮೂಲೆಗಳನ್ನು ಚಿತ್ರಗಳೊಂದಿಗೆ ಹೋಲಿಸಿ, ಷ್ಟೈನ್‌ಹೌವರ್-ಲ್ಯೂಕ್ ಇರಬಹುದೆಂಬ ಊಹೆಗೆ ಬಂದೆ. ಆ ಊಹೆ ಸರಿಯೆಂದು ಈಗಲೂ ನನಗೆ ಅನ್ನಿಸುತ್ತದೆ. ಮಿತ್ರನಿಗೆ ಸಂತೋಷದ ಸುದ್ದಿ ಹೇಳಲು ಹೊರಟವನು ಶಿಲುಬೆಯನ್ನು ಕೊನೆಯ ಬಾರಿ ಕಿಟಕಿಯ ಬೆಳಕಿಗೆ ಹಿಡಿದೆ. ನಡುವೆ ಮೂರು ಓಕ್ ಎಲೆಗಳಿದ್ದವು.

ಎಲೆಗಳನ್ನು ಮೊದಲ ದಿನವೇ ಕಂಡಿದ್ದೆ. 1813ರ ಮೂಲ ವಿನ್ಯಾಸದಲ್ಲಿಯೂ ಓಕ್ ಎಲೆಗಳಿದ್ದುದನ್ನು ಓದಿದ್ದ ನನ್ನ ಅರೆಪಾಂಡಿತ್ಯ ಅದನ್ನು ಸಹಜವೆಂದು ಒಪ್ಪಿಬಿಟ್ಟಿತ್ತು. ಆದರೆ 1939 ಎಂದು ಬರೆದ ಶಿಲುಬೆಯ ನಡುವೆ ಇರಬೇಕಾದುದು ಹಿಟ್ಲರನ ಚಿಹ್ನೆ. ಅದನ್ನು ತೆಗೆದು ಎಲೆ ಕೂಡಿಸಿದುದು ಯಾವಾಗ? 1957ರ ಜುಲೈ 26ರಂದು ಪಶ್ಚಿಮ ಜರ್ಮನಿ ಒಂದು ಕಾಯಿದೆ ಮಾಡಿ, ಹಳೆಯ ಸೈನಿಕರು ತಮ್ಮ ಪದಕಗಳನ್ನು ಪಕ್ಷದ ಚಿಹ್ನೆಯಿಲ್ಲದ ರೂಪದಲ್ಲಿ ಧರಿಸಬಹುದೆಂದು ಅನುಮತಿಯಿತ್ತಿತು. ಷ್ಟೈನ್‌ಹೌವರ್-ಲ್ಯೂಕ್ ಮೊದಲಾದ ಹಳೆಯ ತಯಾರಕರೇ ಆ ಹೊಸ ರೂಪವನ್ನೂ ಒತ್ತಿದರು. ಅಂದರೆ ನನ್ನ ಕೈಯಲ್ಲಿದ್ದ ಶಿಲುಬೆ 1957ಕ್ಕಿಂತ ಹಿಂದೆ ಹುಟ್ಟಿರಲು ಸಾಧ್ಯವಿಲ್ಲ. 1944ರಲ್ಲಿ ಇಟಲಿಯಲ್ಲಿ ಅದನ್ನು ಯಾರ ಎದೆಯಿಂದಲೂ ಕೀಳಲು ಸಾಧ್ಯವಿರಲಿಲ್ಲ. ತಯಾರಕನನ್ನು ಸರಿಯಾಗಿ ಗುರುತಿಸಿದ್ದ ನಾನು ವಸ್ತುವನ್ನು ಗುರುತಿಸಿರಲಿಲ್ಲ.

ಮಿತ್ರನಿಗೆ ಹೇಳುವುದೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಹೇಳಿದೆ. ಅವನು ಒಂದು ವಾರ ನನ್ನೊಡನೆ ಮಾತನಾಡಲಿಲ್ಲ. ಹಣ ಹೋದುದು ಅವನಿಗೆ ದೊಡ್ಡದಾಗಿರಲಿಲ್ಲ. ಮುತ್ತಜ್ಜ ಸುಳ್ಳು ಹೇಳಿದರೆಂದು ನಾನು ಹೇಳಿದಂತಾಯಿತೆಂಬುದೇ ಅವನ ನೋವು. ಆಮೇಲೆ ಒಂದು ಭಾನುವಾರ ತಾನಾಗಿಯೇ ಬಂದು, ‘ಬಾ, ಅಜ್ಜಿಯನ್ನೇ ಕೇಳೋಣ’ ಎಂದು ತನ್ನ ಊರಿಗೆ ಕರೆದೊಯ್ದನು. ಅವನ ಅಜ್ಜಿ ಆ ಸೈನಿಕರ ಮಗಳು. ಎಂಬತ್ತರ ಹತ್ತಿರದ ವಯಸ್ಸು, ಚುರುಕಾದ ನೆನಪು.

ನಾನು ಅಂಜುತ್ತಂಜುತ್ತ ವಿಷಯವೆತ್ತಿದೆ. ಅಜ್ಜಿ ಶಿಲುಬೆಯನ್ನು ಅಂಗೈಯಲ್ಲಿ ತಿರುಗಿಸಿ ನೋಡಿ, ‘ಇದನ್ನ ಅಪ್ಪ ಯಾವತ್ತೂ ಯುದ್ಧದ್ದು ಅಂತ ಹೇಳ್ಲಿಲ್ಲ ಕಣಪ್ಪ. ಅವರ ಜೊತೇಲಿದ್ದ ಯಾರೋ ಕೊಟ್ಟಿದ್ದು ಅಂತಿದ್ರು. ಕಿತ್ಕೊಂಡು ಬಂದ್ರು ಅಂತ ಕಥೆ ಕಟ್ಟಿದ್ದು ನಮ್ಮ ಚಿಕ್ಕಪ್ಪ. ಹುಡುಗ್ರಿಗೆ ಆ ಕಥೆ ಚೆನ್ನಾಗಿತ್ತು, ಹಂಗೇ ಉಳ್ಕೊಂಡ್ತು’ ಎಂದರು. ಆಮೇಲೆ ಏನೋ ನೆನಪಾದವರಂತೆ ಎದ್ದು ಒಳಗೆ ಹೋಗಿ, ದೇವರ ಗೂಡಿನ ಕೆಳಗಿನ ಡಬ್ಬಿಯಿಂದ ಕಾಗದದ ಪೊಟ್ಟಣವೊಂದನ್ನು ತಂದರು. ‘ಅಪ್ಪಂದು ಅಂದ್ರೆ ಇದು. ಇದಕ್ಕೇನೂ ಬೆಲೆ ಬರಲ್ಲ ಅಂತ ಇವರು ಯಾರೂ ಕೇಳ್ಲಿಲ್ಲ’ ಎಂದರು.

ಪೊಟ್ಟಣದಲ್ಲಿ ಆರು ಮೂಲೆಯ ಹಿತ್ತಾಳೆ ಬಣ್ಣದ ನಕ್ಷತ್ರವೊಂದಿತ್ತು. ಕೆಂಪು, ಬಿಳಿ, ಹಸಿರು, ಬಿಳಿ, ಕೆಂಪು ಪಟ್ಟಿಯ ಪಟ್ಟೆ ರಿಬ್ಬನ್ನಿನ ಅಂಚು ಇಲಿ ತಿಂದಿತ್ತು. ನಡುವಿನ ವೃತ್ತದಲ್ಲಿ ಇಂಗ್ಲಿಷಿನಲ್ಲಿ ‘ದಿ ಇಟಲಿ ಸ್ಟಾರ್’ ಎಂದು ಬರೆದಿತ್ತು. ಮಿತ್ರನು ಅದನ್ನು ಕೈಗೆ ತೆಗೆದುಕೊಂಡನು. ಭೂತಗನ್ನಡಿ ನನ್ನ ಜೇಬಿನಲ್ಲಿಯೇ ಇತ್ತು.